ಸವೆಯದ ತೂಕದ ಕಲ್ಲು



ಶನಿವಾರದ ಇಳಿಹೊತ್ತು. ಯೆಹೂದ್ಯರ ಪ್ರಾರ್ಥನಾಮಂದಿರ, ಅವರು ಸಿನಗಾಗ್ ಎನ್ನುವ ಜಾಗ. ಬೆಳಗಿನ ದೊಡ್ಡ ಆರಾಧನೆ ಮುಗಿದಿದೆ. ಮನೆಗೆ ಹೋಗಿ ಉಂಡು, ಒಂದಿಷ್ಟು ಕಣ್ಣು ಮುಚ್ಚಿ, ಎದ್ದು ಮತ್ತೆ ಬಂದವರು ಬೆಳಗಿನಷ್ಟು ಜನ ಇರುವುದಿಲ್ಲ. ಸಬ್ಬತ್, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನ, ಇನ್ನೂ ಮುಗಿದಿಲ್ಲ, ಮುಗಿಯುವ ದಾರಿಯಲ್ಲಿದೆ. ಬಂದವರು ಎದ್ದು ನಿಂತು, ಪಾದ ಜೋಡಿಸಿ, ತುಟಿ ಮಾತ್ರ ಅಲುಗುವ ಹಾಗೆ ಒಂದು ಪ್ರಾರ್ಥನೆ ಹೇಳಿಕೊಳ್ಳುತ್ತಾರೆ. ಅದಕ್ಕೆ ಅಮೀದಾ ಎಂದು ಹೆಸರು. 'ನಿಲ್ಲುವುದು' ಎಂದಷ್ಟೇ ಆ ಹೆಸರಿನ ಅರ್ಥ. ಅದು ಮುಗಿದ ಮೇಲೆ ಬೈಬಲ್ಲಿನ ಕೀರ್ತನೆಗಳ ಪುಸ್ತಕದಿಂದ ಆಯ್ದ ಮೂರು ವಚನಗಳು. ಹೇಳಲು ಅರ್ಧ ನಿಮಿಷವೂ ಬೇಡ.

ಮೂರೂ ಬೇರೆ ಬೇರೆ ಕೀರ್ತನೆಗಳಿಂದ ಬಂದವು. ಒಂದು 119ರದು, ಒಂದು 71ರದು, ಇನ್ನೊಂದು 36ರದು. ಯುರೋಪಿನ ಅಶ್ಕೆನಾಜಿ ಯೆಹೂದ್ಯರು ಇದೇ ಕ್ರಮದಲ್ಲಿ ಹೇಳುತ್ತಾರೆ, ಯೆಹೂದ್ಯರ ಇನ್ನೊಂದು ಪಂಗಡವಾದ ಸೆಫರ್ದಿಗಳು ಕೆಳಗಿನಿಂದ ಮೇಲಕ್ಕೆ. ಆದರೆ ಮೂರೂ ಶುರುವಾಗುವುದು ಒಂದೇ ಪದದಿಂದ. ಒಂದರಲ್ಲಿ ಆ ಪದದ ಮುಂದೆ 'ಮತ್ತು' ಅಂಟಿಕೊಂಡಿದೆ, ಅಷ್ಟೇ ವ್ಯತ್ಯಾಸ. ಆ ಪದ 'ತ್ಸಿದ್ಕಾತ್ಖಾ'. ಅಂದರೆ 'ನಿನ್ನ ತ್ಸೆದಾಕಾ'. ದೇವರ ತ್ಸೆದಾಕಾ ಕಾಲದಲ್ಲಿ ಮುಗಿಯದ್ದು ಎಂದು ಒಂದು ವಚನ ಹೇಳಿದರೆ, ಎತ್ತರದಲ್ಲಿ ಮುಗಿಯದ್ದು ಎಂದು ಇನ್ನೊಂದು, ಮಹಾಪರ್ವತಗಳಂಥದ್ದು ಎಂದು ಮತ್ತೊಂದು.

ಈ ಹೊತ್ತಿಗೇ ಈ ಮೂರು ವಚನಗಳು ಯಾಕೆ? ಸಂಪ್ರದಾಯ ಕೊಡುವ ಕಾರಣ ಇದು: ಮೋಶೆ ತೀರಿಕೊಂಡದ್ದು ಒಂದು ಸಬ್ಬತ್ತಿನ ಇಳಿಹೊತ್ತಿನಲ್ಲಿ. ಮೋಶೆಯ ಕಥೆ ನಿಮಗೆ ಗೊತ್ತಿರಬಹುದು. ಒಂದು ಜನಾಂಗವನ್ನು ಜೀತದಿಂದ ಬಿಡಿಸಿದವನು, ನಲವತ್ತು ವರ್ಷ ಮರುಭೂಮಿಯಲ್ಲಿ ಅವರ ಗೊಣಗಾಟ ಕೇಳಿಸಿಕೊಂಡವನು. ಕೊನೆಗೆ ನೆಬೋ ಬೆಟ್ಟದ ಮೇಲೆ ನಿಂತು, ದೇವರು ಮಾತು ಕೊಟ್ಟ ನಾಡನ್ನು ದೂರದಿಂದ ನೋಡಿ, ಅಲ್ಲಿ ಕಾಲಿಡದೆಯೇ ಸತ್ತ. ಯಾರು ಕೇಳಿದರೂ 'ಅಯ್ಯೋ, ಇದು ಅನ್ಯಾಯ' ಅನ್ನುವ ಸಾವು. ಅಂಥ ಸಾವನ್ನು ನೆನೆಯುವ ಗಳಿಗೆಯಲ್ಲೇ 'ನಿನ್ನ ತ್ಸೆದಾಕಾ' ಅಂತ ಮೂರು ಸಲ ಹೇಳುತ್ತಾರೆ. ಈ ವಿಚಿತ್ರ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೊದಲು ಈ ಪದ. ಹೀಬ್ರೂ ಭಾಷೆಯಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಚಿಗುರುತ್ತವೆ. ಇದರ ಬೇರು ತ್ಸಾದೆ, ದಾಲೆತ್, ಕೋಫ್. ಇದೇ ಬೇರಿನಿಂದ ತ್ಸೆದೆಕ್, ತ್ಸೆದಾಕಾ, ತ್ಸದ್ದೀಕ್. ನಮ್ಮ ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ 'ನೀತಿ' ಎನ್ನುತ್ತಾರೆ, ತ್ಸದ್ದೀಕನಿಗೆ 'ನೀತಿವಂತ' ಎನ್ನುತ್ತಾರೆ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ಲು ಕನ್ನಡದಲ್ಲಿ 1831ರ ಹೊತ್ತಿಗೆ ಪೂರ್ತಿಯಾಯಿತು. ಅಲ್ಲಿಂದೀಚೆಗೆ ಎಷ್ಟೋ ಸಲ ತಿದ್ದುಪಡಿಯಾಗಿದೆ, ಹೊಸ ಅನುವಾದಗಳೂ ಬಂದಿವೆ. 'ನೀತಿ' ಮಾತ್ರ ಬೇರು ಬಿಟ್ಟು ಕೂತಿದೆ. ಒಳ್ಳೆಯ ಪದವೇ. ಆದರೆ ಇವತ್ತಿನ ಕಿವಿಗೆ ನೀತಿ ಅಂದರೆ ಏನು? ಶಾಲೆಯಲ್ಲಿ ನೀತಿಪಾಠ, ಕಥೆಯ ಕೊನೆಯಲ್ಲಿ ನೀತಿ, ಪತ್ರಿಕೆಯಲ್ಲಿ ವಿದೇಶಾಂಗ ನೀತಿ, ಚುನಾವಣೆ ಬಂದಾಗ ನೀತಿಸಂಹಿತೆ. 'ದೇವರ ನೀತಿ ಶಾಶ್ವತ' ಅಂದಾಗ ಸರ್ಕಾರದ ಕೈಗಾರಿಕಾ ನೀತಿಯ ನೆನಪಾದರೆ ತಪ್ಪು ಕೇಳುಗನದ್ದಲ್ಲ.

ಹಾಗಾಗಿ ದೇವಾಲಯವನ್ನು ಸ್ವಲ್ಪ ಹೊತ್ತು ಬಿಟ್ಟು ಪೇಟೆಗೆ ಹೋಗೋಣ. ಈ ಪದ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಬೈಬಲ್ಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ವ್ಯಾಪಾರಿಗಳಿಗೆ ಒಂದು ಕಟ್ಟಪ್ಪಣೆ ಇದೆ. ತಕ್ಕಡಿ ತ್ಸೆದೆಕ್ ಆಗಿರಬೇಕು, ತೂಕದ ಕಲ್ಲು ತ್ಸೆದೆಕ್ ಆಗಿರಬೇಕು, ಧಾನ್ಯ ಅಳೆಯುವ ಏಫಾ, ಎಣ್ಣೆ ಅಳೆಯುವ ಹಿನ್ ಕೂಡ ಹಾಗೆಯೇ. ಕಲ್ಲಿಗೆ ಎಂಥ ನೀತಿ? ಒಂದು ಶೆಕೆಲ್ ತೂಗಬೇಕಾದ ಕಲ್ಲು ಒಂದೇ ಶೆಕೆಲ್ ತೂಗುವುದು, ಅಷ್ಟೇ. ಯೂದಾಯ ಸೀಮೆಯಲ್ಲಿ ಅಗೆದಾಗ ಕ್ರಿ.ಪೂ. 8 ಮತ್ತು 7ನೇ ಶತಮಾನದ ಇಂಥ ಕಲ್ಲುಗಳು ಬೇಕಾದಷ್ಟು ಸಿಕ್ಕಿವೆ. ಸುಣ್ಣಕಲ್ಲಿನವು, ಅಡಿ ಚಪ್ಪಟೆ, ಮೇಲೆ ಗುಮ್ಮಟ, ನೆತ್ತಿಯ ಮೇಲೆ ಕೊರೆದ ಗುರುತು. ಒಂದು ಶೆಕೆಲ್ ಸುಮಾರು 11.3 ಗ್ರಾಂ ಬರುತ್ತದೆ. ನಮ್ಮ ಹಳೆಯ ತೊಲಕ್ಕೆ ಬಲು ಹತ್ತಿರ. ಧರ್ಮೋಪದೇಶಕಾಂಡ ಇನ್ನೂ ಬಿಚ್ಚಿ ಹೇಳುತ್ತದೆ: ಚೀಲದಲ್ಲಿ ಎರಡು ಬಗೆಯ ಕಲ್ಲು, ಕೊಳ್ಳುವುದಕ್ಕೊಂದು ಮಾರುವುದಕ್ಕೊಂದು ಅನ್ನುವ ಹಾಗೆ ದೊಡ್ಡದು ಸಣ್ಣದು, ಇಟ್ಟುಕೊಳ್ಳಕೂಡದು.

ನನ್ನ ಅಜ್ಜಿಯ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಸೂರಿನ ಕೊಂಡಿಗೆ ತೂಗಿಬಿದ್ದಿರುತ್ತಿತ್ತು. ಕಬ್ಬಿಣದ ತೂಕಗಳಿಗೆ ಸರ್ಕಾರದ ಮುದ್ರೆ. ಊರಿನ ಗೌಡರ ಮನೆಯಿಂದ ಆಳು ಬಂದರೂ ಅದೇ ಕಲ್ಲು, ಕೂಲಿ ಮುಗಿಸಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುವ ಹೆಂಗಸು ಬಂದರೂ ಅದೇ ಕಲ್ಲು. ಬೆಲ್ಲ ತೂಗುವಾಗ ತಟ್ಟೆಗೆ ಅಂಟಿದ ಪುಡಿಯನ್ನು ಅಜ್ಜಿ ಬೆರಳಿನಿಂದ ಬಳಿದು ಪೊಟ್ಟಣಕ್ಕೇ ಹಾಕುತ್ತಿದ್ದಳು. ಅವಳಿಗೆ ಹೀಬ್ರೂ ಗೊತ್ತಿರಲಿಲ್ಲ, ಕನ್ನಡವನ್ನೂ ಓದಲು ಬರುತ್ತಿರಲಿಲ್ಲ. ತ್ಸೆದೆಕ್ ಎಂಬ ಪದವನ್ನು ನಾನು ಮೊದಲು ನಿಘಂಟಿನಲ್ಲಿ ಹುಡುಕಿದ ದಿನ ನೆನಪಾದದ್ದು ಆ ಬೆರಳು.

ಹಾಗೆ ನೋಡಿದರೆ ಶಾಶ್ವತ ಎಂಬ ಮಾತೂ ಬೇರೆ ರೀತಿ ಕೇಳಿಸುತ್ತದೆ. ನಾವು ಶಾಶ್ವತ ಅಂದರೆ ಬಹಳ ದೀರ್ಘಕಾಲ ಅಂದುಕೊಳ್ಳುತ್ತೇವೆ, ಗಡಿಯಾರದ ಲೆಕ್ಕ ಹಾಕುತ್ತೇವೆ. ತೂಕದ ಕಲ್ಲಿನ ಶಾಶ್ವತ ಅದಲ್ಲ. ನಿನ್ನೆ ಎಷ್ಟು ತೂಗಿತೋ ಇವತ್ತೂ ಅಷ್ಟೇ ತೂಗುವುದು. ನಿಮಗೆ ಎಷ್ಟೋ ನನಗೂ ಅಷ್ಟೇ. ಹೀಬ್ರೂ ಕವಿಗಳು ದೇವರ ತ್ಸೆದಾಕಾ ಎಂದೆಂದಿಗೂ ಇದೆ ಎನ್ನುವಾಗ ಬಹುಪಾಲು ಈ ನಂಬಿಕೆಯನ್ನೇ ಹಾಡುತ್ತಿದ್ದಾರೆ. ಗಿರಾಕಿ ಬದಲಾದರೂ ಕಲ್ಲು ಬದಲಾಗುವುದಿಲ್ಲ.

ಆದರೆ ಪದ ಇಲ್ಲಿಗೇ ನಿಲ್ಲುವುದಿಲ್ಲ. ಸರಿಯಾಗಿರುವುದು ಒಂದು, ಕೆಟ್ಟದ್ದನ್ನು ಸರಿಮಾಡುವುದು ಇನ್ನೊಂದು. ಈ ಎರಡನ್ನೂ ಹೀಬ್ರೂ ಒಂದೇ ಬೇರಿನಲ್ಲಿ ಹಿಡಿದಿಟ್ಟಿದೆ. ಬಹಳ ಹಳೆಯದೆಂದು ವಿದ್ವಾಂಸರು ಒಪ್ಪುವ ದೆಬೋರಳ ಹಾಡಿನಲ್ಲಿ, ನ್ಯಾಯಸ್ಥಾಪಕರ ಪುಸ್ತಕದ 5ನೇ ಅಧ್ಯಾಯದಲ್ಲಿ, ಈ ಪದ ಬಹುವಚನದಲ್ಲಿ ಬರುತ್ತದೆ. ದೇವರ 'ತ್ಸೆದಾಕಾಗಳು'. ನೀರು ಸೇದುವ ಜಾಗಗಳಲ್ಲಿ ಜನ ಅವನ್ನು ಎಣಿಸಿ ಎಣಿಸಿ ಹೇಳಿಕೊಳ್ಳುತ್ತಾರಂತೆ. ಗುಣವಾಗಿದ್ದರೆ ಎಣಿಸುವುದು ಹೇಗೆ? ಇವು ಕೆಲಸಗಳು. ಹಿಂಸೆಯಿಂದ ಬಿಡಿಸಿದ ಕೆಲಸಗಳು. ಹೀಬ್ರೂವಿನ ಆಚೆಗೂ ಈ ಬೇರಿನ ವಾಸನೆ ಇದೆ. ಕ್ರಿ.ಪೂ. 17ನೇ ಶತಮಾನದ ಬಾಬಿಲೋನಿನಲ್ಲಿ, ಹಮ್ಮುರಾಬಿಯ ವಂಶದಲ್ಲೇ, ಅಮ್ಮಿಸದೂಕ ಎಂಬ ಅರಸನಿದ್ದ. ಅವನ ಹೆಸರಿನ ಕೊನೆಯರ್ಧ ಇದೇ ಬೇರು. ಸಾಲಗಳನ್ನು ಮನ್ನಾ ಮಾಡಿ ಅವನು ಹೊರಡಿಸಿದ ಶಾಸನ ಮಣ್ಣಿನ ಫಲಕಗಳಲ್ಲಿ ಉಳಿದು ಬಂದಿದೆ. ಹೆಸರಿಗೂ ಶಾಸನಕ್ಕೂ ಸಂಬಂಧ ಕಟ್ಟಲು ನಾನು ಹೋಗುವುದಿಲ್ಲ. ಆದರೆ ರಾಜನಾದವನು ಆಗಾಗ ಎದ್ದು ಲೆಕ್ಕವನ್ನು ನೆಟ್ಟಗೆ ಮಾಡಬೇಕು ಎಂಬ ನಿರೀಕ್ಷೆ ಆ ನೆಲದಲ್ಲಿ ಇತ್ತು. ಕೀರ್ತನೆಗಳು ಅದೇ ನಿರೀಕ್ಷೆಯನ್ನು ದೇವರ ಸಿಂಹಾಸನದ ಮುಂದಿಟ್ಟವು.

ಈ ಪದಕ್ಕೆ ಸರಿಮಾಡುವುದು, ಬಿಡಿಸುವುದು ಎಂಬ ಅರ್ಥವೂ ಇದೆ ಎಂದು ಗೊತ್ತಿಲ್ಲದೆ ಒಬ್ಬರು ಬಹಳ ನರಳಿದರು. ಮಾರ್ಟಿನ್ ಲೂಥರ್. 1513ರಿಂದ ವಿಟ್ಟೆನ್‌ಬರ್ಗಿನಲ್ಲಿ ಕೀರ್ತನೆಗಳ ಪಾಠ ಹೇಳುತ್ತಿದ್ದ ಮಠವಾಸಿ. ಮುಪ್ಪಿನಲ್ಲಿ, 1545ರಲ್ಲಿ, ತಮ್ಮ ಲ್ಯಾಟಿನ್ ಬರಹಗಳಿಗೆ ಬರೆದ ಮುನ್ನುಡಿಯಲ್ಲಿ ಅವರು ಹೇಳಿಕೊಂಡಿದ್ದಾರೆ: 'ದೇವರ ನೀತಿ' ಎಂಬ ಮಾತನ್ನು ತಾವು ದ್ವೇಷಿಸುತ್ತಿದ್ದರಂತೆ. ನೀತಿ ಅಂದರೆ ಶಿಕ್ಷಿಸುವ ನ್ಯಾಯ ಎಂದೇ ಅವರಿಗೆ ಕಲಿಸಿದ್ದರು. ಆದರೆ 31ನೇ ಕೀರ್ತನೆಯಲ್ಲೋ 71ನೆಯದರಲ್ಲೋ ಕಷ್ಟದಲ್ಲಿರುವವನು ದೇವರ ತ್ಸೆದಾಕಾದ ಹೆಸರೆತ್ತಿಯೇ ತನ್ನನ್ನು ಬಿಡಿಸು ಎಂದು ಬೇಡುತ್ತಾನೆ. ಅಪರಾಧಿಯಾದವನು ಶಿಕ್ಷಿಸುವ ಕೋಲನ್ನೇ ಹಿಡಿದುಕೊಂಡು ಕಾಪಾಡು ಅನ್ನುತ್ತಾನೆಯೇ? 143ನೇ ಕೀರ್ತನೆ ಇನ್ನೂ ಸ್ವಾರಸ್ಯ. ಅದರ ಕವಿ ಮೊದಲ ವಚನದಲ್ಲಿ ದೇವರ ತ್ಸೆದಾಕಾವನ್ನು ಕರೆಯುತ್ತಾನೆ, ಎರಡನೆಯದರಲ್ಲೇ ನನ್ನನ್ನು ವಿಚಾರಣೆಗೆ ಮಾತ್ರ ನಿಲ್ಲಿಸಬೇಡ ಎಂದು ಅಂಗಲಾಚುತ್ತಾನೆ. ಕೋರ್ಟು ಬೇಡ, ತ್ಸೆದಾಕಾ ಬೇಕು. ಅವನ ಲೆಕ್ಕದಲ್ಲಿ ಎರಡೂ ಒಂದಲ್ಲ.

ಈಗ ನನಗೆ ಬಹಳ ಪ್ರಿಯವಾದ ಜಾಗಕ್ಕೆ ಬರುತ್ತೇನೆ. 111 ಮತ್ತು 112ನೇ ಕೀರ್ತನೆಗಳು. ಇವು ಅವಳಿ ಮಕ್ಕಳು. ಎರಡಕ್ಕೂ ಹತ್ತು ಹತ್ತು ವಚನ. ಎರಡೂ 'ಹಲ್ಲೆಲೂಯಾ' ಎಂಬ ಕೂಗಿನಿಂದ ಶುರು. ಎರಡೂ ಅಕ್ಷರಮಾಲೆಯ ಕಟ್ಟಿನವು. ಹೀಬ್ರೂವಿನಲ್ಲಿರುವುದು ಇಪ್ಪತ್ತೆರಡೇ ಅಕ್ಷರ. ಆಲೆಫ್‌ನಿಂದ ತಾವ್‌ವರೆಗೆ ಒಂದೊಂದು ಸಾಲಿನ ತುಂಡು ಒಂದೊಂದು ಅಕ್ಷರದಿಂದ ಹೊರಡಬೇಕು. ಮೊದಲ ಎಂಟು ವಚನಗಳಲ್ಲಿ ಎರಡೆರಡು ತುಂಡು, ಕೊನೆಯ ಎರಡರಲ್ಲಿ ಮೂರು ಮೂರು. ಹದಿನಾರು ಮತ್ತು ಆರು, ಇಪ್ಪತ್ತೆರಡು. ಲೆಕ್ಕ ಸರಿಹೋಯಿತು. ನಮ್ಮ ಶಿವಪಂಚಾಕ್ಷರ ಸ್ತೋತ್ರದಲ್ಲಿ ನ, ಮ, ಶಿ, ವ, ಯ ಎಂದು ಶ್ಲೋಕಗಳು ಹೊರಡುತ್ತವಲ್ಲ, ಆ ಜಾತಿಯ ಕಸುಬು. ಕನ್ನಡದ ಇಡೀ ವರ್ಣಮಾಲೆಯಲ್ಲಿ ಯಾರಾದರೂ ಇದನ್ನು ಮಾಡಹೊರಟರೆ ಙಕಾರದ ಹತ್ತಿರ ಕೈ ಚೆಲ್ಲಬೇಕಾದೀತು. ಹೀಬ್ರೂ ಕವಿಗಳಿಗೆ ಆ ಕಷ್ಟವಿರಲಿಲ್ಲ. ಆದರೆ ಬೇರೆ ಕಷ್ಟಗಳಿದ್ದವು. 145ನೇ ಕೀರ್ತನೆಯ ಸಾಂಪ್ರದಾಯಿಕ ಪಾಠದಲ್ಲಿ ನೂನ್ ಅಕ್ಷರದ ಸಾಲೇ ಇಲ್ಲ. ಮೃತಸಮುದ್ರದ ಬಳಿ ಗುಹೆಯಲ್ಲಿ ಸಿಕ್ಕ ಒಂದು ಸುರುಳಿಯಲ್ಲಿ ಅದಕ್ಕೊಂದು ಸಾಲು ಇದೆ. ಕಳೆದುಹೋದದ್ದು ಅಲ್ಲಿ ಉಳಿಯಿತೋ, ಇಲ್ಲದ್ದನ್ನು ಯಾರೋ ಜಾಣರು ಹೊಸೆದು ತುಂಬಿದರೋ, ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ.

ಅವಳಿಗಳ ಕಡೆಗೆ ಮತ್ತೆ ಬರೋಣ. 111 ದೇವರ ಕುರಿತಾದ ಹಾಡು. ಅವನ ಕೆಲಸಗಳು ದೊಡ್ಡವು, ಒಡಂಬಡಿಕೆಯನ್ನು ಮರೆಯುವವನಲ್ಲ, ತನಗೆ ಅಂಜುವವರಿಗೆ ಅನ್ನ ಕೊಟ್ಟ. ಅನ್ನಕ್ಕೆ ಅಲ್ಲಿ ಬಳಸಿದ ಪದ ಕಾಡಿನದು, ಬೇಟೆಯಾಡುವ ಮೃಗ ತಂದ ತುತ್ತಿಗೆ ಹೇಳುವ ಮಾತು. ತೇತ್ ಅಕ್ಷರದಿಂದ ಶುರುವಾಗುವ ಪದ ಬೇಕಿತ್ತು, ಕವಿಗೆ ಇದು ಸಿಕ್ಕಿತು ಅಂತ ನನ್ನ ಗುಮಾನಿ. 112 ಮನುಷ್ಯನ ಕುರಿತು. ದೇವರಿಗೆ ಅಂಜಿ ನಡೆಯುವ ಒಬ್ಬ ಗೃಹಸ್ಥ: ಸಾಲ ಕೊಡುವವನು, ವ್ಯವಹಾರದಲ್ಲಿ ನೇರ, ಕೆಟ್ಟ ಸುದ್ದಿ ಬಂದರೆ ಬೆದರುವವನಲ್ಲ.

ಈಗ ಕಿವಿಗೊಡಿ. 111ರಲ್ಲಿ ಆರನೆಯ ಅಕ್ಷರ ವಾವ್ ಬರುವ ಜಾಗದಲ್ಲಿ ಮೂರೇ ಪದಗಳ ಒಂದು ತುಂಡು ಇದೆ. ದೇವರ ತ್ಸೆದಾಕಾ ಸದಾ ನಿಂತಿರುವಂಥದ್ದು ಎಂಬುದು ಅದರ ತಿರುಳು. 112ಕ್ಕೆ ಹೋಗಿ. ಆರನೆಯ ಅಕ್ಷರ, ವಾವ್, ಅದೇ ಜಾಗ. ಅದೇ ಮೂರು ಪದ. ಅಕ್ಷರ ವ್ಯತ್ಯಾಸವಿಲ್ಲ. ಆದರೆ ಈ ಸಲ 'ಅವನ' ಅಂದರೆ ದೇವರದ್ದಲ್ಲ, ಆ ಮನೆಯ ಯಜಮಾನನದು!

ಮನುಷ್ಯನ ತ್ಸೆದಾಕಾ ಎಂದೆಂದಿಗೂ ನಿಲ್ಲುತ್ತದೆಯೇ? ನಾಳೆ ಸಾಯುವ ಮನುಷ್ಯನದು? ಬರೆದವನು ಕೈತಪ್ಪಿ ಬರೆದಿರಬಹುದು ಅಂದುಕೊಳ್ಳೋಣ ಅಂದರೆ, ಎರಡು ಅಕ್ಷರ ದಾಟಿದ ಮೇಲೆ ಮತ್ತೆ ಅದೇ ಕೈ. ದೇವರನ್ನು ದಯಾಳು, ಕನಿಕರವುಳ್ಳವನು ಎಂದು 111 ಹೊಗಳಿದ ಆ ಜೋಡಿ ಪದಗಳನ್ನೇ 112 ಅದೇ ಹೇತ್ ಅಕ್ಷರದ ಜಾಗದಲ್ಲಿ ಮತ್ತೆ ಇಡುತ್ತದೆ. ಎಡವಟ್ಟಲ್ಲ ಇದು, ಬೇಕೆಂದೇ ಮಾಡಿದ್ದು. 111 ಮುಗಿಯುವುದು ದೇವರಿಗೆ ಅಂಜುವುದು ಜ್ಞಾನದ ಮೊದಲು ಎಂಬ ಮಾತಿನ ಹತ್ತಿರ; 112 ಹೊರಡುವುದು ಹಾಗೆ ಅಂಜುವವನಿಂದಲೇ. ಎರಡರ ನಡುವೆ ಬಾಗಿಲಿದೆ, ಕದ ತೆರೆದೇ ಇದೆ. ದೇವರ ಮನೆಯ ಸಾಮಾನು ಆ ಬಾಗಿಲಲ್ಲಿ ಮನುಷ್ಯನ ಮನೆಗೆ ಬಂದಿದೆ.

112ರಲ್ಲಿ ಆ ಮೂರು ಪದ ಇನ್ನೊಂದು ಸಲ ಬರುತ್ತದೆ, ಒಂಬತ್ತನೆಯ ವಚನದಲ್ಲಿ. ಈ ಸಲ ತ್ಸಾದೆ ಅಕ್ಷರದ ಜಾಗದಲ್ಲಿ. ಹೇಗೆ ಸಾಧ್ಯ? ಮುಂದಿದ್ದ 'ಮತ್ತು' ಎಂಬ ವಾವ್ ಅನ್ನು ಕವಿ ಕಳಚಿಬಿಟ್ಟ, ತ್ಸೆದಾಕಾದ ಸ್ವಂತ ಮೊದಲಕ್ಷರವೇ ಹೊರಗೆ ಬಂತು. ಒಂದೇ ವಾಕ್ಯವನ್ನು ಎರಡು ಅಕ್ಷರಗಳಿಗೆ ದುಡಿಸಿದ ಈ ಚಳಕವನ್ನು ಕಂಡ ದಿನ ನಾನು ಪುಸ್ತಕ ಮುಚ್ಚಿಟ್ಟು ಒಂದು ಸುತ್ತು ನಡೆದು ಬಂದೆ. ಹಾಗೆ ಬಂದಾಗ ಅದರ ಪಕ್ಕದಲ್ಲಿ ಕೂತಿರುವುದೇನು? ಆ ಮನುಷ್ಯ ಬಡವರಿಗೆ ಕೈ ಬಿಚ್ಚಿ ಹಂಚಿದ ಎಂಬ ಮಾತು. ಮೊದಲ ಸಲ ಆ ವಾಕ್ಯ ಮನೆಯಲ್ಲಿರುವ ಸಿರಿಯ ಪಕ್ಕದಲ್ಲಿತ್ತು, ಎರಡನೆಯ ಸಲ ಆ ಸಿರಿ ಹೊರಗೆ ಹೋದ ದಾರಿಯ ಪಕ್ಕದಲ್ಲಿದೆ.

ಮುಂದಿನ ಶತಮಾನಗಳಲ್ಲಿ ಹೀಬ್ರೂವಿನಲ್ಲಿ ತ್ಸೆದಾಕಾ ಎಂಬ ಪದಕ್ಕೆ ದಾನ ಎಂಬ ಅರ್ಥವೇ ಗಟ್ಟಿಯಾಯಿತು. ಇವತ್ತಿಗೂ ಯೆಹೂದ್ಯರ ಮನೆಯಲ್ಲಿ ತ್ಸೆದಾಕಾ ಡಬ್ಬಿ ಅಂದರೆ ಬಡವರಿಗಾಗಿ ಕಾಸು ಹಾಕುವ ಡಬ್ಬಿ. ಅರಬ್ಬಿಯಲ್ಲಿ ಇದರ ಸೋದರ ಪದ ಸದಕಾ. ನಮ್ಮೂರಿನ ಮುಸಲ್ಮಾನ ನೆರೆಹೊರೆಯ ಬಾಯಲ್ಲಿ ನೀವೂ ಕೇಳಿದ್ದೀರಿ. ಇಂಗ್ಲಿಷು ಓದಿದವರಿಗೆ ಇದು ಒಗಟಿನ ಹಾಗೆ ಕಾಣುತ್ತದೆ: ನೀತಿ ಎಂಬ ಪದ ಭಿಕ್ಷೆ ಎಂಬ ಅರ್ಥಕ್ಕೆ ಇಳಿದದ್ದು ಹೇಗೆ ಅಂತ. ಕನ್ನಡಿಗರಿಗೆ ಒಗಟೇ ಅಲ್ಲ. ಬಾಗಿಲಲ್ಲಿ ನಿಂತ ಮುದುಕಿ ಏನೆಂದು ಕೂಗುತ್ತಾಳೆ? 'ಧರ್ಮ ಮಾಡ್ರವ್ವಾ' ಅನ್ನುತ್ತಾಳೆ. ಧರ್ಮಛತ್ರ, ಧರ್ಮಾಸ್ಪತ್ರೆ, ಧರ್ಮಕ್ಕೆ ಬಂದದ್ದು. ಲೋಕವನ್ನು ಹೊತ್ತು ನಿಂತ ಧರ್ಮ ಎಂಬ ದೊಡ್ಡ ಮಾತೂ, ಒಂದು ಹಿಡಿ ಅಕ್ಕಿಯೂ ನಮ್ಮ ಭಾಷೆಯಲ್ಲಿ ಒಂದೇ ಪದದೊಳಗಿವೆ. ಆ ಮುದುಕಿ ಕೇಳುವುದು ಉಪಕಾರವನ್ನಲ್ಲ ಎಂದೇ ನನಗೆ ಅನ್ನಿಸುತ್ತದೆ. ಇರಬೇಕಾದ ರೀತಿಯಲ್ಲಿ ಇಲ್ಲದ್ದನ್ನು ನಿನ್ನ ಕೈಯಲ್ಲಾದಷ್ಟು ಸರಿಮಾಡು ಅನ್ನುತ್ತಾಳೆ. ಹೀಬ್ರೂವಿನವರೂ ಅದನ್ನೇ ಅಂದುಕೊಂಡರು. 12ನೇ ಶತಮಾನದ ಯೆಹೂದ್ಯ ವಿದ್ವಾಂಸ ಮೈಮೊನಿದೆಸ್ ತ್ಸೆದಾಕಾಗೆ ಎಂಟು ಮೆಟ್ಟಿಲು ಕಟ್ಟಿದರು. ಮುಖ ಗಂಟಿಕ್ಕಿ ಕೊಡುವುದು ಕೆಳಗಿನ ಮೆಟ್ಟಿಲು. ಎಲ್ಲಕ್ಕೂ ಮೇಲಿನದು, ಬಿದ್ದವನಿಗೆ ಸಾಲವೋ ಪಾಲುದಾರಿಕೆಯೋ ಕೆಲಸವೋ ಕೊಟ್ಟು ಮತ್ತೆ ಕೈಚಾಚದ ಹಾಗೆ ನಿಲ್ಲಿಸುವುದು.

ಅನುವಾದಕರ ಮೇಲೆ ನನಗೆ ದೂರಿಲ್ಲ. ಆದರೆ ಕೀರ್ತನೆಗಳಲ್ಲಿ ಕೆಲವು ಕಡೆಯಾದರೂ 'ನೀತಿ'ಯ ಬದಲು 'ಧರ್ಮ' ಅಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಮತ, ಪಂಥ ಎಂಬ ಅರ್ಥದ ಧೂಳು ಆ ಪದಕ್ಕೆ ಮೆತ್ತಿಕೊಂಡಿದೆ ಎಂದು ಅವರು ಹೆದರಿದ್ದರೆ ಅದೂ ನ್ಯಾಯವೇ.

ಇನ್ನು 'ನಿಲ್ಲು' ಎಂಬ ಕ್ರಿಯಾಪದ. ಆ ಮೂರು ಪದಗಳಲ್ಲಿ ನಡುವಿನದು. ಆರಂಭದಲ್ಲಿ ಹೇಳಿದ ಅಮೀದಾ ಪ್ರಾರ್ಥನೆಯ ಹೆಸರೂ ಇದೇ ಬೇರಿನದು. ಕ್ರಿಸ್ತನಿಗೆ ಮೊದಲೇ ಗ್ರೀಕಿಗೆ ಅನುವಾದ ಮಾಡಿದ ಯೆಹೂದ್ಯರು ಇದನ್ನು 'ಉಳಿಯುತ್ತದೆ' ಎಂದು ಮಾಡಿಕೊಂಡರು, ಲ್ಯಾಟಿನ್ನಿನಲ್ಲೂ ಹಾಗೆಯೇ ಆಯಿತು. ಉಳಿಯುವುದಕ್ಕೂ ನಿಲ್ಲುವುದಕ್ಕೂ ಎಷ್ಟು ದೂರ! ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯೂ ಉಳಿಯುತ್ತದೆ. ನಿಲ್ಲುವುದಕ್ಕೆ ಕಾಲು ಬೇಕು, ಬೆನ್ನು ಬೇಕು, ಎದುರಿಗೆ ಏನಾದರೂ ಇರಬೇಕು. ಕನ್ನಡದಲ್ಲಿ 'ಮಾತಿಗೆ ನಿಂತ' ಅನ್ನುತ್ತೇವೆ, 'ಕಷ್ಟಕ್ಕೆ ನಿಂತ' ಅನ್ನುತ್ತೇವೆ. ಹೀಬ್ರೂ ಕವಿ ಬಯಸಿದ್ದು ಅಂಥ ನಿಲುವನ್ನೇ. ಆದರೆ ನಮ್ಮಲ್ಲಿ 'ಮಳೆ ನಿಂತಿತು' ಅಂದರೂ ಅದೇ ಧಾತು. ದೇವರ ನೀತಿ ನಿಂತಿತು ಅಂದರೆ ಬಂದ್ ಆಯಿತು ಎಂದೂ ಅರ್ಥವಾದೀತು. ಅನುವಾದಕ ಪಾಪ ಏನು ಮಾಡಿಯಾನು.

ಗ್ರೀಕ್, ಲ್ಯಾಟಿನ್ ಬೈಬಲ್ಲುಗಳಲ್ಲಿ ಈ ಅವಳಿ ಕೀರ್ತನೆಗಳ ಸಂಖ್ಯೆ ಒಂದೊಂದು ಕಡಿಮೆ, 9 ಮತ್ತು 10ನ್ನು ಅವರು ಕೂಡಿಸಿಬಿಟ್ಟರು. ಸಂಖ್ಯೆ ಬದಲಾದರೂ ಅವಳಿಗಳು ಬೇರೆಯಾಗಲಿಲ್ಲ. ಕ್ಯಾಥೊಲಿಕರ ಸಂಜೆಯ ಪ್ರಾರ್ಥನೆಯಲ್ಲಿ ಅವು ಒಂದರ ಹಿಂದೊಂದು ಬರುತ್ತಿದ್ದವು. ಮೊಜಾರ್ಟ್ 1780ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಸಂಜೆ ಆರಾಧನೆಗೆಂದು ರಚಿಸಿದ ಸಂಗೀತದಲ್ಲಿ ಎರಡನೆಯದು 111, ಮೂರನೆಯದು 112. ಇದು ಬಾನುಲಿ, ಒಂದೆರಡು ನಿಮಿಷ ಕೇಳಿಸಬಹುದಿತ್ತು. ಮಾತಾಡುವವರು ಮಾತೇ ಆಡುತ್ತಾರೆ.

ಸಂತ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಜೆರುಸಲೇಮಿನ ಬಡವರಿಗೆ ಚಂದಾ ಎತ್ತುವ ಸಂದರ್ಭದಲ್ಲಿ, 112ರ ಆ ಹಂಚುವ ವಚನವನ್ನೇ ಎತ್ತಿಕೊಳ್ಳುತ್ತಾನೆ. ಅಲ್ಲಿ ಹಂಚಿದವನು ಯಾರು, ದೇವರೋ ದಾನಿಯೋ? ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಅವಳಿ ಕೀರ್ತನೆಗಳನ್ನು ಒಟ್ಟಿಗೆ ಓದಿದವರಿಗೆ ಆ ಪ್ರಶ್ನೆ ಅಷ್ಟು ತುರ್ತಿನದು ಅನ್ನಿಸಲಿಕ್ಕಿಲ್ಲ.

ಇಷ್ಟು ಹೇಳಿ ನಾನು ಎದ್ದುಬಿಟ್ಟರೆ ಮೋಸವಾಗುತ್ತದೆ. ಯಾಕೆಂದರೆ 112ರಲ್ಲಿ ಎಲ್ಲವೂ ಸುಖಾಂತ. ಒಳ್ಳೆಯವನ ಮನೆಯಲ್ಲಿ ಸಿರಿ, ಕೆಟ್ಟವನು ಹಲ್ಲು ಕಡಿದು ಕರಗಿಹೋಗುತ್ತಾನೆ. 37ನೇ ಕೀರ್ತನೆಯ ಮುದುಕನಂತೂ ತನ್ನ ಆಯುಷ್ಯದಲ್ಲೇ ನೀತಿವಂತನ ಮಕ್ಕಳು ಭಿಕ್ಷೆ ಬೇಡಿದ್ದನ್ನು ಕಂಡಿಲ್ಲ ಅನ್ನುತ್ತಾನೆ. ಅಜ್ಜಾ, ನೀನು ಯಾವ ಊರಿನವನು ಎಂದು ಕೇಳಬೇಕು ಅನ್ನಿಸುತ್ತದೆ. ನಾನಂತೂ ಕಂಡಿದ್ದೇನೆ.

ಒಳ್ಳೆಯ ಮಾತೆಂದರೆ, ಕೀರ್ತನೆಗಳ ಪುಸ್ತಕವೇ ಆ ಅಜ್ಜನ ಮಾತನ್ನು ಹಾಗೆಯೇ ಬಿಟ್ಟಿಲ್ಲ. ಕೆಟ್ಟವರ ಕೊಬ್ಬಿದ ಮೈ ನೋಡಿ ಹೊಟ್ಟೆ ಉರಿದುಕೊಂಡವನ ಹಾಡು 73ನೆಯದು. 89ನೆಯದು ಇನ್ನೂ ನಿಷ್ಠುರ. ಅದರ ಮೊದಲ ಭಾಗದಲ್ಲಿ ತ್ಸೆದೆಕ್ ಮತ್ತು ನ್ಯಾಯ ದೇವರ ಸಿಂಹಾಸನದ ಅಡಿಗಲ್ಲುಗಳು. ಅರಸ ದಾವೀದನ ವಂಶಕ್ಕೆ ಕೊಟ್ಟ ಮಾತು ಚಂದ್ರನಷ್ಟು ಸ್ಥಿರ. ಆಮೇಲೆ ಹಾಡು ತಟ್ಟನೆ ಹೊರಳುತ್ತದೆ. ನೀನೇ ಆ ಒಡಂಬಡಿಕೆ ಮುರಿದೆ, ಕಿರೀಟವನ್ನು ಮಣ್ಣಿಗೆ ಹಾಕಿದೆ, ಗೋಡೆಗಳನ್ನು ಕೆಡವಿದೆ ಎಂದು ದೇವರ ಮುಖಕ್ಕೇ ಹೇಳುತ್ತದೆ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟದ್ದು ಕ್ರಿ.ಪೂ. 587ರಲ್ಲೋ 586ರಲ್ಲೋ. ಈ ಹಾಡಿನ ಹಿಂದೆ ಆ ಬೂದಿ ಇದೆ ಎಂದು ಅನೇಕ ವಿದ್ವಾಂಸರು ಎಣಿಸುತ್ತಾರೆ. ಹಳೆಯ ಕೃಪೆಯೆಲ್ಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಆ ಹಾಡಿನಲ್ಲಿ ಉತ್ತರ ಬರುವುದಿಲ್ಲ. ಆರಾಧನೆಯ ಪುಸ್ತಕದಿಂದ ಅದನ್ನು ಯಾರೂ ಕಿತ್ತುಹಾಕಲೂ ಇಲ್ಲ.

ನನಗೆ ಕಾಣುವುದು ಇಷ್ಟು. ತಕ್ಕಡಿಯಲ್ಲಿ ಮೋಸವಾಯಿತು ಎಂದು ಕೂಗಬೇಕಾದರೆ, ಸರಿಯಾದ ಕಲ್ಲು ಒಂದು ಇದೆ ಎಂದು ಗೊತ್ತಿರಬೇಕು. 89ರ ಕವಿ ಕೂಗುವುದು ಆ ಕಲ್ಲನ್ನು ಹಿಡಿದುಕೊಂಡೇ. ದೇವರ ತ್ಸೆದಾಕಾ ಶಾಶ್ವತ ಎಂಬ ಮಾತು ಅವನ ಬಾಯಲ್ಲಿ ಸಮಾಧಾನದ ಮಾತಲ್ಲ. ದಾವೆ ಹೂಡುವವನು ಮುಂದಿಡುವ ದಸ್ತಾವೇಜು.

ಯೆಹೂದ್ಯರಲ್ಲಿ ಹೆಣ ಮಣ್ಣು ಮಾಡುವಾಗ ಹೇಳುವ ಒಂದು ಪ್ರಾರ್ಥನೆ ಇದೆ, ತ್ಸಿದ್ದುಕ್ ಹದ್ದೀನ್. ತೀರ್ಪು ಸರಿ ಎಂದು ಒಪ್ಪಿಕೊಳ್ಳುವುದು ಎಂದರ್ಥ. ಇಲ್ಲೂ ಅದೇ ಬೇರು. ಶನಿವಾರ ಇಳಿಹೊತ್ತಿನ ಮೂರು ವಚನಗಳೂ ಮೋಶೆಗಾಗಿ ಹೇಳುವ ತ್ಸಿದ್ದುಕ್ ಹದ್ದೀನ್ ಎಂದೇ ಹಿರಿಯರು ವಿವರಿಸಿದ್ದಾರೆ. ಒಪ್ಪಿಕೊಳ್ಳುವುದು ಸುಲಭವೆಂದು ಯಾರೂ ಹೇಳಿಲ್ಲ. ಸುಲಭವಾಗಿದ್ದರೆ ವಾರವಾರವೂ ಹೇಳಬೇಕಾಗಿ ಬರುತ್ತಿರಲಿಲ್ಲ.

ಯೆಹೂದ್ಯರ ಹಳೆಯ ಧರ್ಮಗ್ರಂಥವಾದ ತಾಲ್ಮೂದಿನಲ್ಲಿ ರಬ್ಬಿ ಎಲಾಜಾರರ ಒಂದು ರೂಢಿ ಬರೆದಿಟ್ಟಿದ್ದಾರೆ. ಅವರು ಮೊದಲು ಬಡವನೊಬ್ಬನ ಕೈಗೆ ಒಂದು ಪೆರೂತಾ, ಅಂದರೆ ಅತಿ ಸಣ್ಣ ತಾಮ್ರದ ಕಾಸು, ಹಾಕುತ್ತಿದ್ದರು; ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದರು. ಅದಕ್ಕೆ ಆಧಾರವಾಗಿ ಅವರು ತೋರಿಸಿದ್ದು 17ನೇ ಕೀರ್ತನೆಯ ಕೊನೆಯ ವಚನವನ್ನು. ಅದರಲ್ಲೂ ತ್ಸೆದೆಕ್ ಇದೆ. ಈಗಲೂ ಅನೇಕ ಸಿನಗಾಗುಗಳಲ್ಲಿ ಬೆಳಗಿನ ಪ್ರಾರ್ಥನೆಯ ನಡುವೆ ಡಬ್ಬಿಯಲ್ಲಿ ಚಿಲ್ಲರೆ ಬಿದ್ದ ಸದ್ದು ಕೇಳುತ್ತದೆ.

ಆದರೆ ಸಬ್ಬತ್ತಿನ ದಿನ ಹಣ ಮುಟ್ಟುವಂತಿಲ್ಲ. ಆ ಮೂರು ವಚನಗಳನ್ನು ಹೇಳುವಾಗ ಯಾರ ಜೇಬಿನಲ್ಲೂ ಕಾಸಿರುವುದಿಲ್ಲ, ಡಬ್ಬಿ ಸುಮ್ಮನಿರುತ್ತದೆ. ಇಷ್ಟು ಕೊಡುತ್ತೇನೆ ಎಂದು ಬಾಯಲ್ಲಿ ಮಾತು ಕೊಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ತ್ಸೆದಾಕಾ ಎಂದು ಮೂರು ಸಲ ಹೇಳಿ, ಮಾತು ಕೊಟ್ಟವರು ಮಾತು ಕೊಟ್ಟು, ಹೊರಗೆ ಬಂದು ಆಕಾಶ ನೋಡುತ್ತಾರೆ. ಮೂರು ನಕ್ಷತ್ರ ಕಂಡರೆ ಸಬ್ಬತ್ತು ಮುಗಿದ ಹಾಗೆ. ಆಮೇಲೆ ಜೇಬಿಗೆ ಕೈ ಹಾಕಬಹುದು.